ಹಾಲಿನ ಫ್ಯಾಟ್ ಗೊತ್ತು, ನಮ್ಮ ಬಿಪಿ ಎಷ್ಟು?

ದಕ್ಷಿಣ ಕನ್ನಡದ ವಾಮದಪದವು, ಪುಂಜಾಲಕಟ್ಟೆ, ಸಿದ್ಧಕಟ್ಟೆ, ವೇಣೂರು ಕಡೆಯ ಯಾವ ಹೈನುಗಾರರನ್ನು ಬೇಕಾದರೂ ಕೇಳಿ ನೋಡಿ, ನಿನ್ನೆ ಸಂಜೆ ನಿಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತು ಎಂದು. ಥಟ್ಟನೆ ಉತ್ತರ ಬರುತ್ತದೆ: ನಾಲ್ಕು ಪಾಯಿಂಟ್ ಒಂದು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಎಂಟೂವರೆ. ಎರಡು ದಿನ ಅದು ಇಳಿಯಿತೋ, ಹಾಲಿನ ಸೊಸೈಟಿಯ ಕಾರ್ಯದರ್ಶಿಗೆ ನೆಮ್ಮದಿಯಿಲ್ಲ. ‘ಎಂತ ಮಾರಾಯ್ರೆ, ದನ ಅದೇ, ಹಿಂಡಿ ಅದೇ, ಫ್ಯಾಟ್ ಮಾತ್ರ ಹೇಗೆ ಇಳೀತು?’ ಅಡಿಕೆಯ ವಿಷಯವೂ ಹಾಗೆಯೇ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದಲ್ಲಿ ಹೊಸ ಅಡಿಕೆಗೆಷ್ಟು, ಹಳತಕ್ಕೆಷ್ಟು ಎಂಬುದು ಬೆಳಗಿನ ಪತ್ರಿಕೆ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಬಂದಿರುತ್ತದೆ.

ಅದೇ ಮನೆಯ ಯಜಮಾನರನ್ನು ‘ನಿಮ್ಮ ಬಿಪಿ ಎಷ್ಟು?’ ಎಂದು ಕೇಳಿ. ‘ಸ್ವಲ್ಪ ಉಂಟಂತೆ.’ ಶುಗರ್? ‘ಬಾರ್ಡರಲ್ಲಿ ಉಂಟಂತೆ.’ ಎಷ್ಟೆಂದು ಬರೆದದ್ದು ಇದೆಯೇ? ‘ಚೀಟಿ ಇತ್ತು, ಎಲ್ಲಿ ಹೋಯ್ತೋ.’ ದನದ ಹಾಲಿಗೆ ದಶಾಂಶದ ಲೆಕ್ಕ, ನಮ್ಮ ರಕ್ತಕ್ಕೆ ‘ಅಂತೆ’ಯ ಲೆಕ್ಕ.

ಇದು ಅಕ್ಷರ ಬಾರದವರ ಕಷ್ಟವಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75 ಇದ್ದಾಗ ದಕ್ಷಿಣ ಕನ್ನಡದ್ದು ಶೇ. 88 ದಾಟಿತ್ತು. ಬ್ಯಾಂಕಿನ ಫಾರಂ, ಪಹಣಿ, ರೇಷನ್ ಕಾರ್ಡಿನ ಕೆವೈಸಿ, ಗಲ್ಫಿನ ವೀಸಾ, ಎಲ್ಲವನ್ನೂ ನಿಭಾಯಿಸುವ ಜನ ನಾವು. ಆದರೆ ನಮ್ಮ ಮೈಗೆ ಸಂಬಂಧಿಸಿದ ಕಾಗದ ಕೈಗೆ ಬಂದ ಕೂಡಲೇ ಅದನ್ನು ಮಡಚಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ‘ಡಾಕ್ಟ್ರು ನೋಡ್ತಾರೆ’ ಎಂದು ಬಿಡುತ್ತೇವೆ. ಆರೋಗ್ಯದ ಮಾಹಿತಿಯನ್ನು ಹುಡುಕುವುದು, ಅರ್ಥಮಾಡಿಕೊಳ್ಳುವುದು, ಅದರ ಮೇಲೆ ತೀರ್ಮಾನ ತೆಗೆದುಕೊಂಡು ನಡೆಯುವುದು, ಇವಿಷ್ಟನ್ನೂ ಸೇರಿಸಿ ಆರೋಗ್ಯ ಸಾಕ್ಷರತೆ ಎನ್ನುತ್ತಾರೆ. ಈ ಸಾಕ್ಷರತೆಗೆ ಬೇಕಾದ ಬುದ್ಧಿ ನಮ್ಮಲ್ಲಿ ಧಾರಾಳವಾಗಿದೆ. ಅದನ್ನು ಹಾಲಿನಿಂದ ಸ್ವಲ್ಪ ನಮ್ಮ ಕಡೆಗೆ ತಿರುಗಿಸಿದರೆ ಸಾಕು. ಇಂದಿನ ನನ್ನ ಮಾತು ಇಷ್ಟೇ.

ಯಾಕೆ ತಿರುಗಿಸಬೇಕು? ಜ್ವರ ಬಂದರೆ ಮೈ ಹೇಳುತ್ತದೆ. ಹಲ್ಲುನೋವು ಬಂದರೆ ರಾತ್ರಿಯಿಡೀ ಹೇಳುತ್ತದೆ. ರಕ್ತದೊತ್ತಡ ಹೇಳುವುದಿಲ್ಲ, ಸಕ್ಕರೆ ಕಾಯಿಲೆಯೂ ಮೊದಲಿನ ಹಲವು ವರ್ಷ ಹೇಳುವುದಿಲ್ಲ. ‘ನನಗೆ ತಲೆ ತಿರುಗುವುದಿಲ್ಲ, ಹಾಗಾಗಿ ಬಿಪಿ ಇಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಓಡುತ್ತದೆ. ಬಿಪಿ ಇರುವ ಹೆಚ್ಚಿನವರಿಗೆ ತಲೆಯೂ ತಿರುಗುವುದಿಲ್ಲ, ಕಣ್ಣೂ ಕತ್ತಲೆ ಬರುವುದಿಲ್ಲ. ಒಳಗೆ ರಕ್ತನಾಳ, ಮೂತ್ರಪಿಂಡ, ಕಣ್ಣಿನ ಪರದೆ ಸದ್ದಿಲ್ಲದೆ ಸವೆಯುತ್ತಾ ಇರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅಧಿಕ ರಕ್ತದೊತ್ತಡ ಇರುವವರು ವಯಸ್ಕರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು. ಮದುವೆ ಊಟದ ಪಂಕ್ತಿಯಲ್ಲಿ ನಿಮ್ಮ ಎಡಬಲಕ್ಕೆ ಕೂತವರನ್ನೂ ನಿಮ್ಮನ್ನೂ ಸೇರಿಸಿ ಎಣಿಸಿದರೆ ಲೆಕ್ಕ ಸಿಗುತ್ತದೆ.

ಹಾಗಾದರೆ ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕಾದ ಅಂಕೆಗಳು ಯಾವುವು? ನನ್ನ ದೃಷ್ಟಿಯಲ್ಲಿ ಮೂರು.

ಮೊದಲನೆಯದು ರಕ್ತದೊತ್ತಡ. ಅದಕ್ಕೆ ಎರಡು ಸಂಖ್ಯೆ: ಮೇಲಿನದು ಹೃದಯ ಒತ್ತಿದಾಗಿನದು, ಕೆಳಗಿನದು ಹೃದಯ ಸಡಿಲಾದಾಗಿನದು. 120ರ ಮೇಲೆ 80ರ ಆಸುಪಾಸು ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ. ಬಸ್ಸಿನಿಂದಿಳಿದು ಏದುಸಿರು ಬಿಡುತ್ತಾ ಬಂದು ಕೂಡಲೇ ಕೈ ಚಾಚಬೇಡಿ. ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಪಟ್ಟಿ ಕಟ್ಟಿದ ಮೇಲೆ ಊರ ಸುದ್ದಿಯೂ ಬೇಡ.

ಎರಡನೆಯದು ಶುಗರ್. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಗ್ಗೆ ತೆಗೆದ ರಕ್ತದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಮತ್ತು ಮೇಲೆ ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಕಾಯಿಲೆ. 100ರಿಂದ 125ರ ನಡುವೆ ಇದೆಯಲ್ಲ, ಅದೇ ನಾವು ‘ಬಾರ್ಡರ್’ ಎನ್ನುವ ಜಾಗ. ‘ಬಾರ್ಡರ್ ಅಷ್ಟೇ’ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗಿ ಹೋಳಿಗೆ ತಿನ್ನುವ ಜಾಗ ಅದಲ್ಲ. ಏನಾದರೂ ಮಾಡಿದರೆ ಹೆಚ್ಚು ಫಲ ಕೊಡುವ ಜಾಗ ಅದೇ. ಯಾಕೆಂದು ಮುಂದೆ ಹೇಳುತ್ತೇನೆ.

ಮೂರನೆಯದಕ್ಕೆ ಆಸ್ಪತ್ರೆಯೂ ಬೇಡ, ಸೂಜಿಯೂ ಬೇಡ. ಸೊಂಟದ ಸುತ್ತಳತೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಮೇಲೆ ಹೋದರೆ ಎಚ್ಚರ. ಮನೆಯಲ್ಲಿ ಟೇಪ್ ಇಲ್ಲವೇ? ಒಂದು ದಾರ ತೆಗೆದುಕೊಳ್ಳಿ. ನೆತ್ತಿಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಅದನ್ನು ಅರ್ಧಕ್ಕೆ ಮಡಚಿ ಹೊಟ್ಟೆಯ ಸುತ್ತ ತನ್ನಿ. ಹೊಟ್ಟೆ ಒಳಗೆ ಎಳೆದು ಹಿಡಿಯುವ ಮೋಸ ಬೇಡ, ಸಹಜವಾಗಿ ಉಸಿರು ಬಿಟ್ಟು ಸುತ್ತಿ. ದಾರದ ಎರಡು ತುದಿ ಸೇರಿದರೆ ಸಮಾಧಾನ. ಸೇರದೆ ನಡುವೆ ಅಂತರ ಉಳಿದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದರ್ಥ. ತೆಳ್ಳಗೆ ಕಾಣುವವರಿಗೂ ಈ ಪರೀಕ್ಷೆ ಬೇಕು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಇರುವ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯ, ಸಕ್ಕರೆ ಕಾಯಿಲೆಗೆ ಅದು ಹತ್ತಿರದ ದಾರಿ.

ಇದನ್ನೆಲ್ಲ ಎಲ್ಲಿ ನೋಡಿಸುವುದು ಎಂದು ದೂರ ಹುಡುಕಬೇಕಾಗಿಲ್ಲ. ವಾಮದಪದವಿನಲ್ಲೇ ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. 30 ದಾಟಿದ ಎಲ್ಲರಿಗೂ ಉಚಿತ ತಪಾಸಣೆ ಅದರ ಮುಖ್ಯ ಭಾಗ. ಕರ್ನಾಟಕ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯೂ ಇದೇ ತಪಾಸಣೆಯನ್ನು ಮನೆಬಾಗಿಲಿಗೆ ತರುವಂಥದ್ದು. ಆಶಾ ಕಾರ್ಯಕರ್ತೆಯರು ಒಂದು ಫಾರಂ ಹಿಡಿದು ಮನೆಗೆ ಬರುವುದನ್ನು ನೀವು ನೋಡಿರಬಹುದು. ಆಗ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಅಕ್ಕ, ಒಮ್ಮೆ ನಿಮ್ಮ ಸೊಂಟ ಅಳೀಬೇಕಿತ್ತು.’

‘ಎಂತಕ್ಕೆ ಮಾರಾಯ್ತಿ, ರವಿಕೆ ಹೊಲಿಸ್ಲಿಕ್ಕುಂಟಾ?’

‘ಅಲ್ಲಕ್ಕ, ಫಾರಮ್ಮಿಗೆ. ಮನೆಯಲ್ಲಿ ಯಾರಿಗಾದ್ರೂ ಶುಗರ್, ಬಿಪಿ ಉಂಟಾ?’

‘ಅಮ್ಮನಿಗಿತ್ತು. ನನಗೆಂತದೂ ಇಲ್ಲ. ಯಾವುದಾದ್ರೂ ಒಂದು ನಂಬರ್ ಬರ್ಕೊಂಡು ಹೋಗು, ನನಗೆ ಬೀಡಿ ಬ್ರಾಂಚಿಗೆ ಕೊಡ್ಲಿಕ್ಕೆ ತಡ ಆಗ್ತದೆ.’

ದಯವಿಟ್ಟು ‘ಯಾವುದಾದರೂ ನಂಬರ್’ ಬರೆಸಬೇಡಿ. ಆ ಫಾರಂ ಸರ್ಕಾರದ ಲೆಕ್ಕಕ್ಕಷ್ಟೇ ಇರುವುದಲ್ಲ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಅಳತೆ, ವಾರಕ್ಕೆ 150 ನಿಮಿಷದ ನಡಿಗೆ ಅಥವಾ ದುಡಿಮೆ, ಕುಟುಂಬದಲ್ಲಿ ಕಾಯಿಲೆ, ಪ್ರತಿಯೊಂದಕ್ಕೂ ಅಂಕವಿದೆ. ಒಟ್ಟು 4ಕ್ಕಿಂತ ಹೆಚ್ಚಾದರೆ ತಪಾಸಣೆಗೆ ಮೊದಲು ಬರಬೇಕಾದವರು ನೀವು. ಶಾಲೆಯಲ್ಲಿ ಹೆಚ್ಚು ಅಂಕಕ್ಕೆ ಹಂಬಲಿಸಿದವರು ಇಲ್ಲಿ ಕಡಿಮೆ ಅಂಕ ಬರಲಿ ಎಂದು ಹಾರೈಸಬೇಕು. ‘ನನಗೆ ಎಷ್ಟು ಬಂತು?’ ಎಂದು ಆಶಾ ಅವರನ್ನೇ ಕೇಳಿ ತಿಳಿದುಕೊಳ್ಳಿ.

ಇನ್ನು ಮಾತ್ರೆಯ ವಿಷಯ. ಚೀಟಿಯಲ್ಲಿ 1-0-1 ಎಂದು ಬರೆದಿರುತ್ತಾರೆ: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ಹೆಚ್ಚಿನವರಿಗೆ ಗೊತ್ತು. ಎಡವುವುದು ಬೇರೆ ಕಡೆ. ಮನೆಯ ಹಿರಿಯರೊಬ್ಬರ ಔಷಧದ ಡಬ್ಬಿ ತೆರೆದು ನೋಡಿ. ಪೇಟೆಯ ಮೆಡಿಕಲ್‌ನಲ್ಲಿ ತಂದ ಒಂದು ಪಟ್ಟಿ, ಜನೌಷಧಿ ಕೇಂದ್ರದಲ್ಲಿ ತಂದ ಇನ್ನೊಂದು ಪಟ್ಟಿ. ಒಂದರ ಹೆಸರು ಕಂಪೆನಿಯದ್ದು, ದೊಡ್ಡ ಅಕ್ಷರದಲ್ಲಿದೆ. ಇನ್ನೊಂದರಲ್ಲಿ ‘ಆಮ್ಲೊಡಿಪಿನ್’ ಎಂದಷ್ಟೇ ಇದೆ. ಬಣ್ಣ ಬೇರೆ, ಹೊಳಪು ಬೇರೆ, ಬೆಲೆ ಬೇರೆ. ಎರಡು ಬೇರೆ ಮದ್ದು ಎಂದು ಭಾವಿಸಿ ಅವರು ಎರಡನ್ನೂ ನುಂಗುತ್ತಿರುತ್ತಾರೆ. ಮೊದಲ ಪಟ್ಟಿಯನ್ನು ತಿರುಗಿಸಿ, ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿದರೆ ಅಲ್ಲಿಯೂ ಅದೇ ಆಮ್ಲೊಡಿಪಿನ್! ಮದ್ದು ಒಂದೇ, ಡೋಸು ಎರಡಾಯಿತು. ಕಾಲು ಊದಿಕೊಂಡಿತು, ಎದ್ದು ನಿಂತಾಗ ಕಣ್ಣು ಮಂಜಾಯಿತು ಎಂದರೆ ‘ಮದ್ದಿನ ಉಷ್ಣ’ ಎಂಬ ತೀರ್ಮಾನ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ. ನಾಚಿಕೆ ಬೇಡ.

ಇನ್ನೊಂದು ದೊಡ್ಡ ತೊಡಕು, ಮಾತ್ರೆ ನಿಲ್ಲಿಸುವುದು. ಮೂರು ತಿಂಗಳು ಮಾತ್ರೆ ತಿಂದರು, ಬಿಪಿ 128 ಆಯಿತು. ‘ನಾರ್ಮಲ್’ ಎಂದರು ನರ್ಸಮ್ಮ. ಮನೆಗೆ ಬಂದು ‘ಗುಣವಾಯಿತು’ ಎಂದು ಮಾತ್ರೆ ಬಿಟ್ಟರು. ಬಿಪಿ ಇಳಿದದ್ದು ಮಾತ್ರೆಯಿಂದ, ಮಾತ್ರೆ ಹೋದರೆ ಬಿಪಿ ವಾಪಸು ಬರುತ್ತದೆ. ‘ಒಮ್ಮೆ ಶುರು ಮಾಡಿದರೆ ಬಿಡಲಿಕ್ಕಾಗುವುದಿಲ್ಲ, ಹಾಗಾಗಿ ಶುರುವೇ ಬೇಡ’ ಎನ್ನುವವರೂ ಇದ್ದಾರೆ. ‘ಕಿಡ್ನಿ ಹಾಳಾಗ್ತದೆ’ ಎಂಬ ಭಯ ಅದಕ್ಕೆ ಜೊತೆ. ಹೆಚ್ಚಿನವರ ಕಿಡ್ನಿ ಹಾಳಾಗುವುದು ಹಿಡಿತಕ್ಕೆ ಬಾರದ ಬಿಪಿ, ಶುಗರಿನಿಂದ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ನಡಿಗೆ ಹೆಚ್ಚಾದಾಗ ವೈದ್ಯರೇ ಡೋಸು ಕಡಿಮೆ ಮಾಡುವುದುಂಟು. ಆ ತೀರ್ಮಾನ ಅವರಿಗೆ ಬಿಡಿ.

ಇಲ್ಲಿ ತಪ್ಪೆಲ್ಲ ಜನರದ್ದು ಎಂದರೆ ಅನ್ಯಾಯವಾದೀತು. ನಮ್ಮ ಭಾಗದಲ್ಲಿ ಚೀಟಿ ಇಂಗ್ಲಿಷಿನಲ್ಲಿ, ಗೋಡೆಯ ಪೋಸ್ಟರು ಪುಸ್ತಕದ ಕನ್ನಡದಲ್ಲಿ, ಮನೆಯ ಮಾತು ತುಳು, ಬ್ಯಾರಿ, ಕೊಂಕಣಿಯಲ್ಲಿ. ‘ಲವಣಾಂಶ ಮಿತಿಗೊಳಿಸಿ’ ಎಂದು ಬರೆದರೆ ಯಾರ ಉಪ್ಪಿನಕಾಯಿ ಭರಣಿಯೂ ಕದಲುವುದಿಲ್ಲ. ಹೊರಗೆ ಸಾಲು ನಿಂತಿರುವಾಗ ವೈದ್ಯರಿಗೂ ವಿವರಿಸಲು ಪುರುಸೊತ್ತಿಲ್ಲ. ‘ಅರ್ಥ ಆಯ್ತಾ?’ ಎಂದು ಕೇಳುತ್ತಾರೆ, ನಾವು ಮರ್ಯಾದೆಗೆ ‘ಆಯ್ತು’ ಎಂದು ತಲೆಯಾಡಿಸುತ್ತೇವೆ. ಇದಕ್ಕೆ ಜಗತ್ತಿನ ಅನೇಕ ಆಸ್ಪತ್ರೆಗಳು ಕಂಡುಕೊಂಡ ಸುಲಭ ಉಪಾಯವೊಂದಿದೆ. ‘ನಾನು ಹೇಳಿದ್ದನ್ನು ಒಮ್ಮೆ ನಿಮ್ಮ ಮಾತಿನಲ್ಲಿ ಹೇಳಿ’ ಎಂದು ವೈದ್ಯರು ಕೇಳುವುದು. ಅವರು ಕೇಳದಿದ್ದರೆ ನಾವೇ ಶುರು ಮಾಡಬಹುದು: ‘ಡಾಕ್ಟ್ರೇ, ನನಗೆ ತಿಳಿದದ್ದನ್ನು ಹೇಳ್ತೇನೆ, ಸರಿಯಾ ನೋಡಿ. ಬೆಳಗ್ಗಿನದ್ದು ತಿಂಡಿಗೆ ಮೊದಲು, ರಾತ್ರಿಯದ್ದು ಊಟ ಆದ ಮೇಲೆ.’ ಅರ್ಧ ನಿಮಿಷದ ಕೆಲಸ. ತುಳುವಿನಲ್ಲೇ ಹೇಳಿ, ಅಡ್ಡಿಯಿಲ್ಲ.

ಈಗ ಹೊಸ್ತಿಲಲ್ಲಿರುವವರ ವಿಷಯಕ್ಕೆ ಬರೋಣ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿದರು. ಮಾಮೂಲಿ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ನೂರಕ್ಕೆ 55 ಮಂದಿ ರೋಗಿಗಳಾದರು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಅಕ್ಕಿ–ಮೈದಾ–ಸಕ್ಕರೆಯಲ್ಲಿ ಇಳಿಕೆ, ತರಕಾರಿ–ಕಾಳಿನಲ್ಲಿ ಏರಿಕೆ, ಇಷ್ಟನ್ನು ಪಟ್ಟು ಹಿಡಿದು ಮಾಡಿಸಿದ ಗುಂಪಿನಲ್ಲಿ 39. ಸ್ವಾರಸ್ಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತು. ತೂಕ ಇಳಿಯಲಿಲ್ಲವೆಂದು ಎರಡನೇ ವಾರಕ್ಕೇ ನಡಿಗೆ ಬಿಡುವವರು ಇದನ್ನು ನೆನಪಿಡಬೇಕು.

ಚೆನ್ನೈಯ ಪಾಠವನ್ನು ನಮ್ಮ ಬಟ್ಟಲಿಗೆ ಇಳಿಸುವುದು ಹೇಗೆ? ‘ಕುಚ್ಚಲಕ್ಕಿ ಉಣ್ಣುವವರಿಗೆ ಶುಗರ್ ಬರುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಕೆಂಪು ಕುಚ್ಚಲಕ್ಕಿ ಒಳ್ಳೆಯದೇ. ಆದರೆ ಬೆಳಗ್ಗೆ ಗಂಜಿ, ಮಧ್ಯಾಹ್ನ ರಾಶಿ ಅನ್ನ, ಸಂಜೆ ನೀರುದೋಸೆ, ರಾತ್ರಿ ಮತ್ತೆ ಅನ್ನವಾದರೆ ಅಕ್ಕಿಯ ಬಣ್ಣ ಏನೂ ಉಳಿಸದು. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೂ ಅಷ್ಟೇ, ರಕ್ತಕ್ಕೆ ಎರಡೂ ಒಂದೇ. ಅನ್ನ ಒಂದು ಸೌಟು ಕಡಿಮೆ, ಆ ಜಾಗಕ್ಕೆ ಹರಿವೆ, ಬಸಳೆ, ಅಲಸಂಡೆ, ಹುರುಳಿ ಸಾರು. ಮಳೆಗಾಲದಲ್ಲಿ ಹಿತ್ತಿಲಿಗೆ ಹೋದರೆ ಕಾಸು ಕೊಡದೆ ಸಿಗುವ ತಗತೆ ಸೊಪ್ಪು, ತಿಮರೆ ಇವೆ. ಬೂತಾಯಿ, ಬಂಗುಡೆ ತಿನ್ನುವವರು ಹುರಿಯುವುದರ ಬದಲು ಪುಳಿಮುಂಚಿ ಮಾಡಿ, ಹೃದಯಕ್ಕೆ ಒಳ್ಳೆಯ ಕೊಬ್ಬು ಈ ಮೀನುಗಳಲ್ಲಿದೆ.

ನಮ್ಮ ನಿಜವಾದ ಹಗೆ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚ, ಅದೂ ಎಲ್ಲ ಸೇರಿ. ಗಂಜಿಗೆ ಹಾಕುವ ಕಲ್ಲುಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು, ಹಪ್ಪಳ. ಆ ಒಂದು ಚಮಚ ಬೆಳಗಿನ ಗಂಜಿಯಲ್ಲೇ ಮುಗಿದುಹೋಗುತ್ತದೆ. ಆಟಿ ತಿಂಗಳಿಗೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಪಲ್ಯ ಮಾಡುವ ಮೊದಲು ನಮ್ಮ ಅಮ್ಮಂದಿರು ನೀರಿನಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೀರು ಬದಲಿಸುತ್ತಿದ್ದರು. ಒಣಮೀನಿಗೂ ಆ ಕ್ರಮ ನಡೆಯಲಿ. ಗಂಜಿಗೆ ಉಪ್ಪಿನಕಾಯಿಯೋ ಕಲ್ಲುಪ್ಪೋ, ಎರಡರಲ್ಲಿ ಒಂದೇ ಇರಲಿ.

ನಡಿಗೆಯ ಮಾತೆತ್ತಿದರೆ ‘ನಮಗೆ ತೋಟದಲ್ಲಿ ಕೆಲಸ ಇಲ್ವಾ?’ ಎಂಬ ಉತ್ತರ ಸಿದ್ಧ. ಅಗೆಯುವವರಿಗೆ, ಕೊನೆ ತೆಗೆಯುವವರಿಗೆ, ಸೊಪ್ಪು ಹೊರುವವರಿಗೆ ಸರಿ. ಆದರೆ ಬೈಕಿನಲ್ಲಿ ತೋಟದ ಬದಿಗೆ ಹೋಗಿ, ಸ್ಪ್ರಿಂಕ್ಲರಿನ ವಾಲ್ವ್ ತಿರುಗಿಸಿ, ಬೈಕಿನಲ್ಲೇ ಮರಳುವುದು ದುಡಿಮೆಯ ಲೆಕ್ಕಕ್ಕೆ ಬಾರದು. ನಮ್ಮೂರ ನೆಲವೇ ಒಳ್ಳೆಯ ವ್ಯಾಯಾಮಶಾಲೆ: ಕೆಳಗೆ ತೋಟ, ಮೇಲೆ ಮುರಕಲ್ಲಿನ ಪದವು. ಆ ಏರನ್ನು ದಿನಕ್ಕೆ ಎರಡು ಸಲ ನಡೆದೇ ಹತ್ತಿ. ಮಾತಾಡಲು ಆಗುವಷ್ಟು, ಹಾಡಲು ಆಗದಷ್ಟು ಉಸಿರು ಬಂದರೆ ವೇಗ ಸರಿಯಾಗಿದೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬೆಳಗ್ಗಿನಿಂದ ಸೀರಿಯಲ್ಲಿನವರೆಗೆ ಬೀಡಿ ಕಟ್ಟುವ ಅಕ್ಕಂದಿರಿಗೆ ಈ ಮಾತು ಇನ್ನೂ ಮುಖ್ಯ. ಬೀಡಿ ಎಣಿಸಿ ಒಂದೊಂದು ಕಟ್ಟು ಮುಗಿದಾಗ ತಡ್ಪೆ ಕೆಳಗಿಟ್ಟು ಎದ್ದು, ಅಂಗಳಕ್ಕೆ ಎರಡು ಸುತ್ತು ಬನ್ನಿ. ಬ್ರಾಂಚಿಗೆ ರಿಕ್ಷಾ ಬಿಟ್ಟು ನಡೆದು ಹೋಗಿ.

ಸಕ್ಕರೆ ಕಾಯಿಲೆ ಈಗಾಗಲೇ ಇರುವವರಿಗೆ ಒಂದು ಮಾತು. ಕಾಲಿನ ನರ ಮಂದವಾದರೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ತೋಟಕ್ಕೆ ಹೋಗಬೇಡಿ. ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಪಾದದ ಅಡಿಯನ್ನು ಬೆಳಕಿಗೆ ಹಿಡಿದು ನೋಡಿ. ಬಗ್ಗಲಾಗದಿದ್ದರೆ ಮೊಮ್ಮಗಳಿಗೆ ಹೇಳಿ, ನೋಡಿಕೊಡುತ್ತಾಳೆ.

ಕಷ್ಟದ ಮಾತೊಂದನ್ನೂ ಆಡಲೇಬೇಕು. ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಹೊಗೆಸೊಪ್ಪಿನ ವಿಷಯದಲ್ಲಂತೂ ವಾದಕ್ಕೆ ಜಾಗವೇ ಇಲ್ಲ. ಜಗಿಯುವ ಅಭ್ಯಾಸ ಇರುವವರು ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ತೋರಿಸಿಕೊಳ್ಳಲು ತಡಮಾಡಬೇಡಿ.

ಇನ್ನು ಹೃದಯದ ಮಾತು. ಎದೆ ಒತ್ತಿದಂತಾಗಿ, ಬೆವತು, ನೋವು ಎಡಗೈಗೋ ದವಡೆಗೋ ಹರಿದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವಲ್ಲಿಗೆ ಹೋಗಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಮುಟ್ಟಿಸಿ, ವಾಟ್ಸ್‌ಆ್ಯಪ್‌ನಲ್ಲಿ ವರದಿ ನೋಡಿ ಸಲಹೆ ಕೊಡುವ ಏರ್ಪಾಟು ಮಾಡಿದ್ದಾರೆ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದದ್ದೂ ಮೊದಲ ಕೆಲವು ಗಂಟೆ ಕೈತಪ್ಪಬಾರದು ಎಂದೇ.

ತಿಳಿದದ್ದೆಲ್ಲ ಮಾಡಲಾಗುವುದಿಲ್ಲ, ಒಬ್ಬರೇ ಇದ್ದರೆ ಇನ್ನೂ ಕಷ್ಟ. ಊರೇ ಒಟ್ಟಾದರೆ ಏನಾಗುತ್ತದೆ ನೋಡಿ. ಫಿನ್ಲೆಂಡಿನ ಉತ್ತರ ಕರೇಲಿಯ ನಮ್ಮ ಹಾಗೆಯೇ ಹೈನುಗಾರರ ಸೀಮೆ. ಐವತ್ತು ವರ್ಷದ ಹಿಂದೆ ಅಲ್ಲಿಯ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ‘ಏನಾದರೂ ಮಾಡಿ’ ಎಂದು ಊರವರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಡಾ. ಪೆಕ್ಕ ಪುಸ್ಕ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಗೃಹಿಣಿಯರ ಸಂಘಗಳು ಊರೂರಿನಲ್ಲಿ ಸೇರಿ, ಬೆಣ್ಣೆ–ಉಪ್ಪು ಕಡಿಮೆ, ತರಕಾರಿ ಹೆಚ್ಚು ಹಾಕಿ ಹಳೆಯ ಅಡುಗೆಯನ್ನೇ ಹೊಸದಾಗಿ ಮಾಡಿ ಬಡಿಸಿದವು. ಮೂರು–ಮೂರೂವರೆ ದಶಕದಲ್ಲಿ ಆ ಪ್ರಾಯದ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು.

ಸಂಘಗಳಿಗೆ ನಮ್ಮಲ್ಲೇನು ಬರವೇ? 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘ, ಸಂಜೀವಿನಿ ಒಕ್ಕೂಟ, ಭಜನಾ ಮಂಡಳಿ, ಯುವಕ ಮಂಡಲ, ಮಸೀದಿಯ ಜಮಾಅತ್, ಚರ್ಚಿನ ವಾಳೆ ಎಲ್ಲವೂ ಇವೆ. ಕುಡಿತ ಬಿಡಿಸಲು ಗುಂಪಿನ ಬಲ ಎಷ್ಟು ಸಹಾಯಕ ಎಂಬುದನ್ನು ಮದ್ಯವರ್ಜನ ಶಿಬಿರಗಳಲ್ಲಿ ನಾವೇ ಕಂಡಿದ್ದೇವೆ. ವಾರದ ಸಭೆಯಲ್ಲಿ ಉಳಿತಾಯ, ಕಂತು ಬರೆದಾದ ಮೇಲೆ ಹತ್ತು ನಿಮಿಷ ತೆಗೆದಿಡಿ. ತಿಂಗಳಿಗೊಮ್ಮೆ ಆಶಾ ಅವರನ್ನೋ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೋ ಕರೆಸಿ. ಪ್ರತಿಯೊಬ್ಬರಿಗೂ ಒಂದು ಪುಟ್ಟ ಪುಸ್ತಕ, ಅದರಲ್ಲಿ ದಿನಾಂಕ, ಬಿಪಿ, ಶುಗರ್, ಸೊಂಟ. ಇನ್ನೊಬ್ಬರ ಪುಸ್ತಕ ಇಣುಕುವುದು ಬೇಡ, ನಮ್ಮದನ್ನು ನಾವು ಓದಿದರೆ ಸಾಕು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮೂರು ಪ್ರಶ್ನೆ ಕೇಳದೆ ಕುರ್ಚಿಯಿಂದ ಏಳಬೇಡಿ. ನನ್ನ ಅಂಕೆ ಎಷ್ಟು? ಅದು ಎಷ್ಟಿರಬೇಕಿತ್ತು? ಅಲ್ಲಿಗೆ ತರಲು ನಾನು ಮನೆಯಲ್ಲಿ ಮಾಡಬೇಕಾದದ್ದೇನು? ಸೊಸೈಟಿಯಲ್ಲಿ ಕಾಲು ಪಾಯಿಂಟು ಫ್ಯಾಟಿಗೆ ದನಿ ಎತ್ತುವ ನಮಗೆ ಇದನ್ನು ಕೇಳಲು ಸಂಕೋಚವೇಕೆ?